ಹದವರಿತ ಸೇನಾನಿ, ಕೂನೂರಿನ ತೋಟಗಾರ

ಮಸಿನಗುಡಿಯಿಂದ ಕಲ್ಲಹಟ್ಟಿಯ 36 ತಿರುವುಗಳನ್ನು ಏರಿ ಉದಕಮಂಡಲಕ್ಕೆ ಹೋಗುವ ನಮ್ಮವರು ಸಂತೆ, ಆಸ್ಪತ್ರೆ, ಕಚೇರಿ ಇವಿಷ್ಟನ್ನು ಮುಗಿಸಿಕೊಂಡು ಸಂಜೆಯ ಬಸ್ಸಿಗೆ ಇಳಿದು ಬಿಡುವುದು ವಾಡಿಕೆ. ಅದೇ ಉದಕಮಂಡಲದಲ್ಲಿ ಪಾರಸಿಯವರ ಒಂದು ಶ್ಮಶಾನವಿದೆ. ಅಲ್ಲಿ ಗಂಡಹೆಂಡಿರಿಬ್ಬರ ಸಮಾಧಿಗಳು ಅಕ್ಕಪಕ್ಕದಲ್ಲಿವೆ. ಹೆಂಡತಿಯ ಹೆಸರು ಸಿಲ್ಲೂ. ಗಂಡನ ಹೆಸರು ಸ್ಯಾಮ್ ಮಾಣೆಕ್ ಷಾ. ಸ್ವತಂತ್ರ ಭಾರತದ ಮೊದಲನೆಯ ಫೀಲ್ಡ್ ಮಾರ್ಷಲ್ ಅವರೇ. 1971ರ ಯುದ್ಧದಲ್ಲಿ ನಮ್ಮ ಭೂಸೇನೆಯನ್ನು ನಡೆಸಿ ಗೆಲುವು ತಂದುಕೊಟ್ಟ ಮಹಾದಂಡನಾಯಕರು.

ದಂಡನಾಯಕನ ಕಥೆಗೆ ಬೇಸಾಯದ ಪುಟದಲ್ಲೇನು ಕೆಲಸವೆಂದು ರೈತ ಬಂಧುಗಳು ಕೇಳಬಹುದು. ಕೆಲಸವುಂಟು. ಅವರು ನಮ್ಮ ನೀಲಗಿರಿಯ ಮಣ್ಣಿನಲ್ಲಿ ಮೂವತ್ತೈದು ವರ್ಷ ಬಾಳಿದ ತೋಟಗಾರರು. ಅದಕ್ಕಿಂತ ಹೆಚ್ಚಾಗಿ, ಹದ ಬರುವವರೆಗೆ ಕಾಯಬೇಕೆಂಬ ರೈತನ ಬುದ್ಧಿಯನ್ನು ಇಡೀ ದೇಶದ ಅಳಿವು ಉಳಿವಿನ ಹೊತ್ತಿನಲ್ಲಿ ಬಳಸಿದವರು.

ಮೊದಲು ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಚೈತ್ರದಲ್ಲಿಯೇ ಎರಡು ಮಳೆ ಬಿತ್ತು. ಊರಿನಲ್ಲಿ ನಾಲ್ಕು ಮಂದಿ ರಾಗಿ ಬಿತ್ತಿದರು. ಹಣ ಕೊಟ್ಟಿದ್ದ ವ್ಯಾಪಾರಿಯೂ ಬಿತ್ತು ಬಿತ್ತು ಎಂದು ಅವಸರ ಮಾಡಿದ. ನಮ್ಮ ತಂದೆಯವರು ಹೊಲಕ್ಕೆ ಹೋಗಿ, ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ನೋಡಿ, “ಮೇಲೆ ನೆನೆದಿದೆ, ಒಳಗೆ ಬಿಸಿ ಇನ್ನೂ ಹಾಗೇ ಇದೆ. ತಡಿಯಪ್ಪ” ಎಂದರು. ನಾನು ಮೇಷ್ಟರು, ಓದಿದವನು, ತಡೆಯಲಿಲ್ಲ. ಪೈರು ಬೆರಳುದ್ದ ಬಂದಿತ್ತು, ಮಳೆ ಕೈಕೊಟ್ಟಿತು. ಇಪ್ಪತ್ತೆರಡು ದಿನ ಒಂದು ಹನಿಯಿಲ್ಲ. ಬಿತ್ತನೆ ಹೋಯಿತು, ಕೂಲಿ ಹೋಯಿತು, ಸಾಲ ಮಾತ್ರ ಉಳಿಯಿತು. ನಾಲ್ಕು ಜನ ಅವಸರಪಡಿಸುವಾಗ “ಈಗ ಬೇಡ” ಎನ್ನುವುದು ಎಷ್ಟು ಕಷ್ಟವೆಂಬುದು ಅಂದು ತಿಳಿಯಿತು. ಆ ಮಾತನ್ನು ದೇಶದ ಪ್ರಧಾನಿಯ ಎದುರಿಗೆ ಆಡಿದವರು ಮಾಣೆಕ್ ಷಾ.

ಅವರು ಹುಟ್ಟಿದ್ದು 1914ರ ಏಪ್ರಿಲ್ 3ರಂದು, ಪಂಜಾಬಿನ ಅಮೃತಸರದಲ್ಲಿ. ತಂದೆ ವೈದ್ಯರು. 1932ರಲ್ಲಿ ಡೆಹರಾಡೂನಿನಲ್ಲಿ ಸೇನಾ ವಿದ್ಯಾಲಯವು ಆರಂಭವಾದಾಗ ಅದರ ಮೊದಲನೆಯ ತಂಡಕ್ಕೇ ಸೇರಿದರು. 1939ರ ಏಪ್ರಿಲ್‌ನಲ್ಲಿ ಸಿಲ್ಲೂ ಅವರೊಡನೆ ಮದುವೆಯಾಯಿತು. ಮೂರು ವರ್ಷ ತುಂಬುವ ಮೊದಲೇ, 1942ರ ಫೆಬ್ರವರಿಯಲ್ಲಿ, ಬರ್ಮಾ ದೇಶದ ಸಿಟಾಂಗ್ ನದಿಯ ಬಳಿ ಜಪಾನೀಯರ ಮೆಷಿನ್ ಗನ್ನಿನ ಗುಂಡುಗಳು ಅವರ ಹೊಟ್ಟೆಯೊಳಕ್ಕೆ ಹೊಕ್ಕವು. ಮನೆಯಲ್ಲಿ ಎರಡು ವರ್ಷದ ಮಗು. ಬದುಕುವ ಆಸೆಯಿಲ್ಲವೆಂದು ತಿಳಿದ ಸೇನಾಪತಿ ಕೋವನ್ನರು, ಸತ್ತವರಿಗೆ ಆ ಪದಕವನ್ನು ಕೊಡುವಂತಿಲ್ಲವೆಂದು, ತಮ್ಮ ಎದೆಯ ಮೇಲಿದ್ದ ಮಿಲಿಟರಿ ಕ್ರಾಸ್ ಪದಕದ ಪಟ್ಟಿಯನ್ನೇ ಬಿಚ್ಚಿ ಗಾಯಾಳುವಿಗೆ ತೊಡಿಸಿದರು. ಆದರೆ ಅವರ ಸಹಾಯಕ ಸಿಪಾಯಿ ಶೇರ್ ಸಿಂಗ್ ಬಿಡಲಿಲ್ಲ. ಯಜಮಾನನನ್ನು ಹೊತ್ತು ವೈದ್ಯರ ಬಳಿಗೆ ತಂದು ಹಟ ಹಿಡಿದು ಶಸ್ತ್ರಚಿಕಿತ್ಸೆ ಮಾಡಿಸಿದ. ಏನಾಯಿತೆಂದು ವೈದ್ಯರು ಕೇಳಿದಾಗ, ಕತ್ತೆ ಒದೆಯಿತೆಂದು ಮಾಣೆಕ್ ಷಾ ತಮಾಷೆ ಮಾಡಿದರೆಂದು ಹೇಳುವುದುಂಟು. ಒಬ್ಬ ಸಾಮಾನ್ಯ ಸಿಪಾಯಿಯ ನಿಷ್ಠೆಯಿಂದ ಉಳಿದ ಜೀವವದು. ಮುಂದೆ ಅವರು ಸಿಪಾಯಿಗಳನ್ನು ಮನೆಯವರಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ. ಗೂರ್ಖಾ ಸಿಪಾಯಿಗಳು ಅವರನ್ನು ‘ಸ್ಯಾಮ್ ಬಹಾದೂರ್’ ಎಂದು ಕರೆದರು. ಆ ಹೆಸರೇ ನಿಂತಿತು.

ನಮ್ಮ ನೀಲಗಿರಿಗೂ ಅವರಿಗೂ ನಂಟು ಬೆಳೆದದ್ದು 1959ರಲ್ಲಿ. ಕೂನೂರಿನ ಪಕ್ಕದ ವೆಲ್ಲಿಂಗ್ಟನ್ನಿನಲ್ಲಿರುವ ರಕ್ಷಣಾ ಸಿಬ್ಬಂದಿ ಕಾಲೇಜಿಗೆ ಅವರು ಮುಖ್ಯಸ್ಥರಾಗಿ ಬಂದರು. ಇದ್ದದ್ದನ್ನು ಇದ್ದ ಹಾಗೆ ಹೇಳುವ ನಾಲಿಗೆ ಅವರದು; ಆದುದರಿಂದ ಮೇಲಿನವರಿಗೆ ಅಸಮಾಧಾನವಾಯಿತು. ಅವರ ಮೇಲೆ ವಿಚಾರಣೆ ನಡೆಯಿತು. ಕೊನೆಗೆ ನಿರ್ದೋಷಿಯೆಂದು ತೀರ್ಮಾನವಾಯಿತು. ಅಷ್ಟರಲ್ಲಿ 1962ರ ಚೀನೀ ಯುದ್ಧ ಬಂದು, ಸೋತು ಕಂಗೆಟ್ಟಿದ್ದ ಈಶಾನ್ಯ ಗಡಿಯ ಸೇನೆಗೆ ಧೈರ್ಯ ತುಂಬುವ ಕೆಲಸ ಅವರ ಪಾಲಿಗೇ ಬಂದಿತು. ಲಿಖಿತ ಆಜ್ಞೆಯಿಲ್ಲದೆ ಇನ್ನು ಯಾರೂ ಹಿಂದೆ ಸರಿಯಕೂಡದು, ಅಂಥ ಆಜ್ಞೆ ಬರುವುದೂ ಇಲ್ಲ ಎಂದು ಅವರು ಅಲ್ಲಿ ಸಾರಿದರು. 1969ರ ಜೂನ್ 8ರಂದು ಇಡೀ ಭೂಸೇನೆಯ ಮುಖ್ಯಸ್ಥರಾದರು.

ಇನ್ನು ಹದದ ಮಾತಿಗೆ ಬರೋಣ. 1971ರ ಮಾರ್ಚಿಯಲ್ಲಿ ಆಗಿನ ಪೂರ್ವ ಪಾಕಿಸ್ತಾನದಲ್ಲಿ ಅಲ್ಲಿನ ಸೇನೆಯು ತನ್ನ ಜನರ ಮೇಲೆಯೇ ಬಿದ್ದಿತು. ನಿರಾಶ್ರಿತರು ಬಂಗಾಳ, ಅಸ್ಸಾಂ, ತ್ರಿಪುರಗಳಿಗೆ ಹೊಳೆಯಂತೆ ಹರಿದು ಬಂದರು. ವರ್ಷದ ಕೊನೆಯ ಹೊತ್ತಿಗೆ ಅವರ ಸಂಖ್ಯೆ ಸುಮಾರು ಒಂದು ಕೋಟಿಯಾಯಿತು. ಏಪ್ರಿಲ್ ಕೊನೆಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಮಂತ್ರಿಗಳ ಸಭೆಗೆ ಮಾಣೆಕ್ ಷಾ ಅವರನ್ನು ಕರೆಸಿ, ಸೇನೆಯು ಒಡನೆಯೇ ನುಗ್ಗಬೇಕೆಂದರು. ಆಗ ತಾವು ಕೊಟ್ಟ ಉತ್ತರವನ್ನು ಅವರು ಬಹುಕಾಲದ ನಂತರ, 1998ರಲ್ಲಿ, ವೆಲ್ಲಿಂಗ್ಟನ್ನಿನ ಅದೇ ಕಾಲೇಜಿನಲ್ಲಿ ತರುಣ ಅಧಿಕಾರಿಗಳ ಮುಂದೆ ವಿವರಿಸಿದರು. ಅದರ ಸಾರಾಂಶವಿಷ್ಟು.

ಒಂದನೆಯದು ಮಳೆ. ಪೂರ್ವ ಬಂಗಾಳದಲ್ಲಿ ಮುಂಗಾರು ಹಿಡಿದರೆ ನದಿಗಳು ಸಮುದ್ರವಾಗುವುವು. ಒಂದು ದಡದಲ್ಲಿ ನಿಂತರೆ ಇನ್ನೊಂದು ದಡ ಕಾಣದು. ಗದ್ದೆಯೆಲ್ಲ ಕೆಸರಾಗಿ ಸೇನೆಯು ರಸ್ತೆ ಬಿಟ್ಟು ಇಳಿಯಲಾರದು. ಎರಡನೆಯದು ಸುಗ್ಗಿ. ಉತ್ತರದ ಸೀಮೆಯಲ್ಲಿ ಅದು ಕೊಯ್ಲಿನ ಕಾಲ. ಸೈನ್ಯವನ್ನು ಸಾಗಿಸಲು ರೈಲಿನ ಡಬ್ಬಿಗಳನ್ನೂ ರಸ್ತೆಗಳನ್ನೂ ತೆಗೆದುಕೊಂಡರೆ ರೈತನ ಧಾನ್ಯ ಕಣದಲ್ಲಿಯೇ ಉಳಿಯುವುದು. ನಾಳೆ ದೇಶದಲ್ಲಿ ಬರ ಬಂದರೆ ಜನ ವ್ಯವಸಾಯ ಮಂತ್ರಿಯನ್ನು ದೂರುವರು. ಮೂರನೆಯದು ಹಿಮಾಲಯ. ಬೇಸಗೆಯಲ್ಲಿ ಕಣಿವೆಗಳ ಹಿಮ ಕರಗಿ ಚೀನೀಯರಿಗೆ ದಾರಿ ತೆರೆಯುವುದು. ಚಳಿಗಾಲದಲ್ಲಿ ಅದು ಮುಚ್ಚಿರುತ್ತದೆ. ಈಗ ಹೋದರೆ ಸೋಲು ನೂರಕ್ಕೆ ನೂರು. ಸಮಯ ಕೊಟ್ಟರೆ ಗೆಲುವಿಗೆ ನಾನು ಹೊಣೆ. ಬೇಡವಾದರೆ ನನ್ನ ರಾಜೀನಾಮೆ ಸಿದ್ಧವಿದೆ.

ಇದು ಅವರ ಬಾಯಿಂದಲೇ ಬಂದ ವಿವರಣೆ. ಪ್ರಧಾನಿಯವರೂ ಅವರ ಸಲಹೆಗಾರರೂ ಮೊದಲೇ ಕಾಯಲು ಮನಸ್ಸು ಮಾಡಿದ್ದರೆಂದು ಹೇಳುವ ಇತಿಹಾಸಕಾರರೂ ಇದ್ದಾರೆ. ಅದು ಹೇಗೇ ಇರಲಿ, ದೇಶವು ಕಾಯ್ದದ್ದಂತೂ ನಿಜ. ಮಳೆಗಾಲ ಕಳೆಯಿತು, ನೆಲ ಒಣಗಿತು, ಸೇನೆ ಸಜ್ಜಾಯಿತು. ಡಿಸೆಂಬರ್ 3ರಂದು ಪಾಕಿಸ್ತಾನದ ವಿಮಾನಗಳು ನಮ್ಮ ನೆಲೆಗಳ ಮೇಲೆ ಬಾಂಬು ಹಾಕಿದುವು. 16ರಂದು ಢಾಕಾದಲ್ಲಿ ಅವರ ಸೇನೆ ಶರಣಾಗಿತ್ತು. ಹದಿಮೂರು ದಿನ. ಸುಮಾರು 93,000 ಮಂದಿ ಸೆರೆಯಾದರು. ಬಾಂಗ್ಲಾದೇಶ ಹುಟ್ಟಿತು. ಹದಕ್ಕೆ ಮುಂಚೆ ಬಿತ್ತಿದ ನನ್ನ ರಾಗಿಗೂ ಹದವರಿತು ನಡೆದ ಈ ಕೆಲಸಕ್ಕೂ ಇರುವ ಅಂತರವನ್ನು ನೆನೆದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ಗೆದ್ದ ಮೇಲೆ ಅವರು ನಡೆದುಕೊಂಡ ರೀತಿಯೂ ಮನನೀಯವಾದುದು. ಢಾಕಾಕ್ಕೆ ಹೋಗಿ ಶರಣಾಗತಿಯನ್ನು ತಾವೇ ಸ್ವೀಕರಿಸಬಹುದಾಗಿತ್ತು. ಆ ಗೌರವ ಪೂರ್ವ ವಿಭಾಗದ ಸೇನಾಪತಿ ಅರೋರಾ ಅವರಿಗೆ ಸಲ್ಲತಕ್ಕದ್ದೆಂದು ಬಿಟ್ಟುಕೊಟ್ಟರು. ಲೂಟಿ ಮಾಡಬಾರದು, ಹೆಂಗಸರ ಮೇಲೆ ಕೈಯೆತ್ತಬಾರದು ಎಂದು ಸೈನಿಕರಿಗೆ ಕಟ್ಟುನಿಟ್ಟಾಗಿ ಹೇಳಿದ್ದರು. ಇಬ್ಬರು ಹೆಣ್ಣುಮಕ್ಕಳ ತಂದೆ ಅವರು. ಸೆರೆ ಸಿಕ್ಕವರನ್ನು ಸಿಪಾಯಿಗಳಂತೆಯೇ ಗೌರವದಿಂದ ಕಾಣಬೇಕೆಂಬುದೂ ಅವರ ನಿಲುವಾಗಿತ್ತು. ನಗೆಗೂ ಕೊರತೆಯಿರಲಿಲ್ಲ. 1947ರಲ್ಲಿ ಯಾಹ್ಯಾ ಖಾನರು ಇವರ ಮೋಟಾರ್ ಸೈಕಲ್ಲನ್ನು 1000 ರೂಪಾಯಿಗೆ ಕೊಂಡು ಹಣ ಕೊಡದೆ ಪಾಕಿಸ್ತಾನಕ್ಕೆ ಹೋಗಿದ್ದರಂತೆ. ಇಪ್ಪತ್ತನಾಲ್ಕು ವರ್ಷ ಕಾದರೂ ಹಣ ಬರಲಿಲ್ಲ, ಕೊನೆಗೆ ಅರ್ಧ ದೇಶ ಕೊಟ್ಟು ಸಾಲ ತೀರಿಸಿದರು ಎಂದು ಮಾಣೆಕ್ ಷಾ ನಗುತ್ತಿದ್ದರು.

1973ರ ಜನವರಿಯಲ್ಲಿ ಫೀಲ್ಡ್ ಮಾರ್ಷಲ್ ಪದವಿ ಬಂದಿತು. (ಆ ಪದವಿಯನ್ನು ಪಡೆದ ಎರಡನೆಯವರು ನಮ್ಮ ಕೊಡಗಿನ ಕಾರ್ಯಪ್ಪನವರು, 1986ರಲ್ಲಿ.) ಅದೇ ತಿಂಗಳು ಸೇವೆಯಿಂದ ಬಿಡುವಾಗಿ ಮಾಣೆಕ್ ಷಾ ಕೂನೂರಿಗೆ ಬಂದು ನೆಲಸಿದರು. ದಿಲ್ಲಿಯ ಬಂಗಲೆ ಬೇಕೆನ್ನಲಿಲ್ಲ, ರಾಜಕೀಯಕ್ಕೂ ಇಳಿಯಲಿಲ್ಲ. ಬೆಟ್ಟದ ಮೇಲಿನ ತಮ್ಮ ಮನೆಗೆ ‘ಸ್ಟಾವ್ಕಾ’ ಎಂದು ಹೆಸರಿಟ್ಟರು. ರಷ್ಯದ ಭಾಷೆಯಲ್ಲಿ ಹಾಗೆಂದರೆ ಮಹಾದಂಡನಾಯಕರ ಪಾಳೆಯ. ಆದರೆ ಆ ಪಾಳೆಯದಲ್ಲಿ ಇದ್ದದ್ದು ಹೆಂಡತಿ, ಬಂದುಹೋಗುವ ಮಕ್ಕಳು ಮೊಮ್ಮಕ್ಕಳು, ನಾಯಿಗಳು, ಹೂಗಿಡಗಳು. ಬೆಳಗ್ಗೆ ಬೇಗ ಏಳುವುದೂ ತೋಟದ ಕೆಲಸವೂ ಅವರಿಗೆ ಪ್ರಿಯವಾಗಿದ್ದುವು. ಬಿದ್ದ ಗುಂಡುಗಳನ್ನೂ ಬಂದ ಬಿರುದುಗಳನ್ನೂ ಬದಿಗಿಟ್ಟು ಗಿಡದ ಬುಡ ಬಿಡಿಸುತ್ತ ಕೂರುವ ಮನಸ್ಸು ಎಲ್ಲರಿಗೂ ಬರುವುದಿಲ್ಲ.

ಕೂನೂರಿನ ಇಳಿಜಾರಿನಲ್ಲಿ ತೋಟ ಮಾಡುವುದು ಸುಲಭವಲ್ಲವೆಂಬುದು ಬಲ್ಲವರಿಗೆ ಗೊತ್ತು. ಗೂಡಲೂರಿಗೆ ಮುಂಗಾರು ಜೋರು. ಕೂನೂರು, ಕೋಟಗಿರಿಗಳಿಗೆ ಹಿಂಗಾರಿನದೇ ಭಯ. 2009ರ ನವೆಂಬರಿನಲ್ಲಿ ಆ ಕಡೆ ಮಣ್ಣು ಕುಸಿದು ನಲವತ್ತಕ್ಕೂ ಹೆಚ್ಚು ಜೀವ ಹೋದುವು. ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ಉಳಬಾರದು. ಅಡ್ಡಡ್ಡಲಾಗಿ ಮೆಟ್ಟಲು ಕಟ್ಟಿ, ನೀರು ನಿಲ್ಲದಂತೆ ಬಸಿಗಾಲುವೆ ತೆಗೆದು, ಬದುಗಳಿಗೆ ಲಾವಂಚ ನೆಡಬೇಕು. ಹಾಗೆಯೇ ನಮ್ಮ ತಂದೆಯವರ ಹದದ ಪರೀಕ್ಷೆಯನ್ನೂ ಇಲ್ಲಿ ಬರೆದಿಡುತ್ತೇನೆ. ಒಂದು ಗೇಣು ಆಳದ ಮಣ್ಣನ್ನು ತೆಗೆದು ಮುಷ್ಟಿಯಲ್ಲಿ ಹಿಸುಕಿರಿ. ಉಂಡೆ ಕಟ್ಟದೆ ಉದುರಿದರೆ ತೇವ ಸಾಲದು. ಅಂಗೈಗೆ ಕೆಸರು ಮೆತ್ತಿದರೆ ತೇವ ಹೆಚ್ಚು. ಉಂಡೆಯಾಗಿ, ಎದೆಯ ಎತ್ತರದಿಂದ ಬಿಟ್ಟಾಗ ಒಡೆದು ಚೂರಾದರೆ ಅದೇ ಹದ. ಇದಕ್ಕೆ ಕಾಸು ಖರ್ಚಿಲ್ಲ. ತಾಳ್ಮೆ ಮಾತ್ರ ಬೇಕು.

2001ರ ಫೆಬ್ರವರಿಯಲ್ಲಿ ಸಿಲ್ಲೂ ಅವರು ತೀರಿಕೊಂಡರು. ಸುಮಾರು ಅರವತ್ತೆರಡು ವರ್ಷದ ದಾಂಪತ್ಯ. ಮುದುಕರು ಒಂಟಿಯಾದರು. ಫೀಲ್ಡ್ ಮಾರ್ಷಲ್ ಪದವಿಗೆ ನಿವೃತ್ತಿಯೆಂಬುದಿಲ್ಲ, ಕೊನೆಯವರೆಗೂ ಪೂರ್ತಿ ಸಂಬಳ ಸಲ್ಲಬೇಕು; ಆದರೆ ಬಾಕಿಯು ವರ್ಷಗಟ್ಟಲೆ ಉಳಿದಿತ್ತು. 2007ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ವೆಲ್ಲಿಂಗ್ಟನ್ನಿನ ಆಸ್ಪತ್ರೆಗೆ ಬಂದು ಕಂಡುಹೋದರು. ಕೋಟಿ ರೂಪಾಯಿಗೂ ಮೀರಿದ ಬಾಕಿಯ ಹಣ ಕೈಸೇರಿದ್ದು ಆ ವರ್ಷವೇ. ಆಗ ಅವರಿಗೆ ವಯಸ್ಸು ತೊಂಬತ್ತು ದಾಟಿತ್ತು.

2008ರ ಜೂನ್ 27ರಂದು, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ವೆಲ್ಲಿಂಗ್ಟನ್ನಿನ ಸೇನಾ ಆಸ್ಪತ್ರೆಯಲ್ಲಿ ಶ್ವಾಸಕೋಶದ ಕಾಯಿಲೆಯಿಂದ ಅವರು ಕೊನೆಯುಸಿರೆಳೆದರು. ನಾನು ಆಗ ಶಿಕ್ಷಕ ತರಬೇತಿಯನ್ನು ಮುಗಿಸಿ ಶಾಲೆಗೆ ಸೇರಿದ್ದ ಹೊಸತು. ಅಂತ್ಯಕ್ರಿಯೆಗೆ ರಾಷ್ಟ್ರಪತಿಯೂ ಪ್ರಧಾನಿಯೂ ಬರಲಿಲ್ಲ. ಕೇಂದ್ರದಿಂದ ಬಂದವರು ರಕ್ಷಣಾ ಖಾತೆಯ ರಾಜ್ಯ ಮಂತ್ರಿಗಳು. ದೇಶದಲ್ಲಿ ಶೋಕಾಚರಣೆಯೂ ಆಗಲಿಲ್ಲ. ಪತ್ರಿಕೆಗಳಲ್ಲಿ ಈ ಬಗ್ಗೆ ಬಹಳ ದಿನ ಮಾತು ನಡೆಯಿತು. ನಮ್ಮೂರಿನ ಹಳೆಯ ಸಿಪಾಯಿಯೊಬ್ಬರು ಆ ದಿನ ಪೆಟ್ಟಿಗೆಯಿಂದ ಪದಕ ತೆಗೆದು ಎದೆಗೆ ಚುಚ್ಚಿಕೊಂಡು, ಎಂದಿನಂತೆ ಹೊಲಕ್ಕೆ ಹೋದರು. ಯಾಕಜ್ಜ ಎಂದು ಕೇಳಿದೆ. “ದೊಡ್ಡೋರು ಬರಲಿಲ್ಲ ಅಂತ ನಾವೂ ಸುಮ್ಮನಿರೋದಾ ಮೇಷ್ಟ್ರೇ?” ಎಂದರು.

ಹೋದ ವರ್ಷ ಶಾಲೆಯ ಮಕ್ಕಳನ್ನು ಉದಕಮಂಡಲಕ್ಕೆ ಕರೆದುಕೊಂಡು ಹೋಗಿದ್ದಾಗ ಈ ಕಥೆಯನ್ನು ಹೇಳಿದೆ. ಒಬ್ಬ ಹುಡುಗ, “ಸಾರ್, ಪ್ರಧಾನ ಮಂತ್ರಿ ಹೇಳಿದ್ರೂ ಆಗಲ್ಲ ಅಂದ್ರಾ? ಹೆದರಿಕೆ ಆಗ್ಲಿಲ್ವಾ?” ಎಂದು ಕೇಳಿದ. ಹೆದರಿಕೆ ಆಗಿರಬಹುದು. ಆದರೆ ಮಳೆ, ಮಣ್ಣು, ಸುಗ್ಗಿ ಇವು ಯಾರ ಅಪ್ಪಣೆಗೂ ಕಾಯುವುದಿಲ್ಲವೆಂಬುದು ಅವರಿಗೆ ತಿಳಿದಿತ್ತು. ತಿಳಿದದ್ದನ್ನು ಹೇಳಿದರು, ಅಷ್ಟೆ.

ತಾಳಿದವನು ಬಾಳಿಯಾನು ಎಂಬ ಗಾದೆ ನಮ್ಮ ಮನೆಮನೆಯಲ್ಲಿದೆ. ಈ ಸಲ ಮೊದಲ ಮಳೆ ಬಿದ್ದಾಗ ನಾನು ಬೀಜದ ಚೀಲ ಬಿಚ್ಚಲಿಲ್ಲ. ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ನೋಡಿ ಮನೆಗೆ ಹಿಂತಿರುಗಿದೆ. ಜಗಲಿಯ ಮೇಲೆ ಕುಳಿತಿದ್ದ ತಂದೆಯವರು ನನ್ನ ಕೈಯನ್ನು ನೋಡಿದರು, ಏನೂ ಕೇಳಲಿಲ್ಲ.