ಕೆಡದ ಬೆಲ್ಟಿಗೆ ದುಡ್ಡು ಹಾಕಿದ ಕಥೆ

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯಲು ಶುರುಮಾಡಿ ಅರ್ಧ ಗಂಟೆಯೂ ಆಗಿರಲಿಲ್ಲ. ಒಂದು ಹೇರ್‌ಪಿನ್ ತಿರುವಿಗೆ ಮೊದಲು ಬ್ರೇಕ್ ಒತ್ತಿದೆ. ಪೆಡಲ್ ಎಂದಿನ ಜಾಗದಲ್ಲಿ ನಿಲ್ಲಲಿಲ್ಲ. ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಕೆಳಗೆ ಹೋಯಿತು. ಕಾರಿನಲ್ಲಿ ನಾವು ನಾಲ್ವರು. ಹಿಂದಿನ ಸೀಟಿನಲ್ಲಿ ಹಾಡುತ್ತಿದ್ದ ಗೆಳೆಯನಿಗೆ ಏನೂ ಗೊತ್ತಿಲ್ಲ. ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿ, ಗೇರ್ ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕ್ ನಿಧಾನವಾಗಿ ಎಳೆಯುತ್ತಾ ಬೆಟ್ಟದ ಬದಿಗೆ ಕಾರು ನಿಲ್ಲಿಸುವಷ್ಟರಲ್ಲಿ ನನ್ನ ಅಂಗಿ ಒದ್ದೆಯಾಗಿತ್ತು. ಹಾಡು ನಿಂತಿತ್ತು.

ಮುಕ್ಕಾಲು ಗಂಟೆ ಕಾದೆವು. ತಣ್ಣಗಾದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು, ಏನೂ ಆಗಿಯೇ ಇಲ್ಲವೇನೋ ಎನ್ನುವ ಹಾಗೆ. ಉಳಿದ ಘಾಟಿಯನ್ನು ಒಂದನೇ ಗೇರಿನಲ್ಲೇ ಇಳಿದು ಉಜಿರೆಯ ಗ್ಯಾರೇಜೊಂದಕ್ಕೆ ಹೋದೆವು. ಅಲ್ಲಿನ ಮೆಕ್ಯಾನಿಕ್ ಹಳೆಯ ಬ್ರೇಕ್ ಆಯಿಲನ್ನು ನೀರಿನ ಬಾಟಲಿಗೆ ಇಳಿಸಿ ಬೆಳಕಿಗೆ ಹಿಡಿದರು. 'ಇದು ಆಯಿಲಾ, ಕಷಾಯವಾ ಮಾರಾಯ್ರೆ?' ಎಂದರು.

ಕಾರು ನನ್ನದಲ್ಲ, ತಿಪಟೂರಿನ ಸೋದರಮಾವನದು. 2003ರ ಫಿಯೆಟ್ ಪಾಲಿಯೊ, 1.6 ಲೀಟರಿನ ಪೆಟ್ರೋಲ್ ಎಂಜಿನ್, 16 ವಾಲ್ವ್, ಸುಮಾರು 100 ಅಶ್ವಶಕ್ತಿ. ಫೆರಾರಿಯವರು ಇದನ್ನು ಸ್ಪೋರ್ಟ್ಸ್ ಕಾರು ಎನ್ನಲಿಕ್ಕಿಲ್ಲ. ಆದರೆ ಸಣ್ಣ ಕಾರಿಗೆ 100 ಅಶ್ವಶಕ್ತಿ ಎಂದರೆ ಆ ಕಾಲಕ್ಕೆ ನಮ್ಮ ಬೀದಿಯಲ್ಲಿ ಅದೇ ಸ್ಪೋರ್ಟ್ಸ್ ಕಾರು. ಓಡೋಮೀಟರಿನಲ್ಲಿ 1,87,000 ಕಿ.ಮೀ. ಆಕ್ಸಿಲರೇಟರ್ ಒತ್ತಿದರೆ ಈಗಲೂ ಬೆನ್ನು ಸೀಟಿಗೆ ಅಂಟುತ್ತದೆ. ನಮ್ಮ ಗಮನವೆಲ್ಲ ಅದು ಎಷ್ಟು ಬೇಗ ಓಡುತ್ತದೆ ಎಂಬುದರ ಮೇಲೇ ಇತ್ತು.

ಮೆಕ್ಯಾನಿಕಲ್ ಓದುವ ನಾನು ಪಾಸ್ಕಲ್‌ನ ನಿಯಮವನ್ನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದವನು. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆದ್ದರಿಂದಲೇ ಪಾದದ ಒತ್ತಡ ಚಕ್ರದ ತನಕ ತಲುಪುತ್ತದೆ. ಆದರೆ ಬ್ರೇಕ್ ಆಯಿಲ್‌ಗೆ ಒಂದು ಗುಣವಿದೆ: ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ಮಾನದಂಡ. ಅದರಲ್ಲಿ ಸುಮಾರು ಶೇ 3.7ರಷ್ಟು ನೀರು ಸೇರಿದಾಗಿನ ಮಿತಿ 155 ಡಿಗ್ರಿ ಮಾತ್ರ. ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದರೆ ಚಕ್ರದ ಬಳಿ ಆ ಬಿಸಿ ಹುಟ್ಟುವುದು ಕಷ್ಟವಲ್ಲ. ಆಯಿಲ್ ಕುದಿದು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ. ಪೆಡಲ್ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ತಣ್ಣಗಾದರೆ ಆವಿ ಮತ್ತೆ ದ್ರವ. ಊರೊಳಗೆ ಓಡಿಸುವಾಗ ನಮಗೆ ಸುಳಿವೇ ಸಿಗದಿದ್ದುದು ಇದಕ್ಕೇ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಈ ಆಯಿಲನ್ನು ಮಾವ ಯಾವಾಗ ಬದಲಿಸಿದ್ದರೋ ಅವರಿಗೇ ನೆನಪಿರಲಿಲ್ಲ.

ಊರಿಗೆ ಬಂದ ಮೇಲೆ ಮಾವನ ಕಾಯಂ ಮೆಕ್ಯಾನಿಕ್ ಬಳಿ ಕಾರು ಒಯ್ದೆ. ನನ್ನ ಜೇಬಿನಲ್ಲಿ ಟ್ಯೂಷನ್ ಹೇಳಿ ಉಳಿಸಿದ 18,000 ರೂಪಾಯಿ ಇತ್ತು. ಜೋರು ಸದ್ದಿನ ಸೈಲೆನ್ಸರ್, ಆಗದಿದ್ದರೆ ಸೆಕೆಂಡ್‌ಹ್ಯಾಂಡ್ ಅಲಾಯ್ ವೀಲ್ ಹಾಕಿಸುವ ಆಸೆ. ಅವರು ಬಾನೆಟ್ ಎತ್ತಿ ಒಂದೇ ಪ್ರಶ್ನೆ ಕೇಳಿದರು.

'ಟೈಮಿಂಗ್ ಬೆಲ್ಟ್ ಯಾವಾಗ ಹಾಕ್ಸಿದ್ದು?'

'ಗೊತ್ತಿಲ್ಲಣ್ಣ.'

'ಗೊತ್ತಿಲ್ಲ ಅಂದ್ರೆ ಹಾಕ್ಸಿಲ್ಲ ಅಂತಲೇ ಲೆಕ್ಕ, ಇಂಜಿನಿಯರ್ ಸಾಹೇಬ್ರೆ.'

ಹಳೆಯ ಕಾರು ಇಟ್ಟುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಸೂತ್ರ ನನಗೆ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಿಲ್ಲ. ದಾಖಲೆ ಇಲ್ಲದ ಕೆಲಸ ಆಗಿಲ್ಲ ಎಂದೇ ತಿಳಿದು ಶುರುಮಾಡಬೇಕು.

ಟೈಮಿಂಗ್ ಬೆಲ್ಟ್ ಎಂದರೆ ಒಳಗೆ ಗಟ್ಟಿ ನಾರು ಇರುವ ಹಲ್ಲಿನ ರಬ್ಬರ್ ಪಟ್ಟಿ. ಪಿಸ್ಟನ್‌ಗಳನ್ನು ಆಡಿಸುವ ಕ್ರ್ಯಾಂಕ್‌ಶಾಫ್ಟ್‌ಗೂ, ವಾಲ್ವ್‌ಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್‌ಗೂ ಇದು ತಾಳ ಹೊಂದಿಸುತ್ತದೆ. ಎಂಜಿನ್ 6000 ಆರ್‌ಪಿಎಂನಲ್ಲಿದ್ದಾಗ ಕ್ರ್ಯಾಂಕ್ ಸೆಕೆಂಡಿಗೆ 100 ಸುತ್ತು ತಿರುಗುತ್ತದೆ, ಕ್ಯಾಮ್ 50 ಸುತ್ತು. ಅಂದರೆ ಒಂದೊಂದು ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಆ ಹೊತ್ತಿನಲ್ಲಿ ಬೆಲ್ಟ್ ತುಂಡಾದರೆ ಕ್ಯಾಮ್ ನಿಂತುಬಿಡುತ್ತದೆ, ಕೆಲವು ವಾಲ್ವ್‌ಗಳು ತೆರೆದೇ ಉಳಿಯುತ್ತವೆ, ಪಿಸ್ಟನ್ ಮಾತ್ರ ಮೇಲೆ ಬರುತ್ತಲೇ ಇರುತ್ತದೆ. ಎರಡೂ ಒಂದೇ ಜಾಗಕ್ಕೆ ಬರುವ ವಿನ್ಯಾಸದ ಎಂಜಿನ್ ಆದರೆ ವಾಲ್ವ್‌ಗಳು ಸೊಟ್ಟಗಾಗುತ್ತವೆ. ಬೆಲ್ಟಿಗಾಗುವ ಖರ್ಚಿನ ಎಷ್ಟೋ ಪಟ್ಟು ಎಂಜಿನ್ ಕೆಲಸಕ್ಕೆ ಬೇಕಾಗುತ್ತದೆ.

'ಆದ್ರೆ ಈಗ ಚೆನ್ನಾಗೇ ಓಡ್ತಿದೆಯಲ್ಲ' ಎಂದೆ.

'ಬೆಲ್ಟ್ ಕಿತ್ತೋಗೋ ಹಿಂದಿನ ದಿನವೂ ಚೆನ್ನಾಗೇ ಓಡುತ್ತೆ' ಎಂದರು.

ಮಾವನಿಗೆ ಫೋನ್ ಮಾಡಿದೆ. 'ಓಡೋ ಬೆಲ್ಟಿಗೆ ಯಾಕೋ ದುಡ್ಡು? ಕಿತ್ತೋದಾಗ ನೋಡ್ಕೊಂಡ್ರಾಯ್ತು ಬಿಡು' ಎಂದರು. ಅವರದೂ ತಪ್ಪಲ್ಲ. ಕೆಟ್ಟದ್ದನ್ನು ಸರಿಮಾಡಿಸಿದರೆ ಕಣ್ಣಿಗೆ ಕಾಣುವ ಲಾಭವಿದೆ. ಕೆಡದೇ ಇರುವುದಕ್ಕೆ ಖರ್ಚು ಮಾಡಿದರೆ ತೋರಿಸಲು ಏನೂ ಇರುವುದಿಲ್ಲ. ಕಾರು ನಿನ್ನೆಯ ಹಾಗೇ ಓಡುತ್ತದೆ, ಅಷ್ಟೇ. ಸೈಲೆನ್ಸರ್ ಹಾಕಿಸಿದ್ದರೆ ಇಡೀ ಕಾಲೇಜಿಗೆ ಕೇಳಿಸುತ್ತಿತ್ತು. ಒಂದು ರಾತ್ರಿ ಲೆಕ್ಕ ಹಾಕಿದೆ. ಘಾಟಿಯ ಆ ತಿರುವು ಮತ್ತೆ ಮತ್ತೆ ಕಣ್ಣ ಮುಂದೆ ಬಂತು. ಬೆಳಿಗ್ಗೆ ಹೋಗಿ ಬೆಲ್ಟ್ ಬದಲಿಸಲು ಹೇಳಿದೆ.

ಹಳೆಯ ಬೆಲ್ಟನ್ನು ಬಿಚ್ಚಿ ಕೈಗೆ ಕೊಟ್ಟರು. ಬಗ್ಗಿಸಿ ನೋಡಿದರೆ ಬೆನ್ನ ಮೇಲೆಲ್ಲ ಸಣ್ಣ ಸಣ್ಣ ಬಿರುಕು, ಒಂದು ಅಂಚಿನಲ್ಲಿ ನಾರು ಎದ್ದಿತ್ತು. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಕೈಯಲ್ಲಿ ತಿರುಗಿಸಿದರೆ ಗರಗರ ಎನ್ನುತ್ತಿತ್ತು. ವಾಟರ್ ಪಂಪಿನ ಕೆಳಗೆ ಕೂಲಂಟ್ ಜಿನುಗಿ ಒಣಗಿದ ಕಲೆ. ಮೂರನ್ನೂ ಒಟ್ಟಿಗೆ ಬದಲಿಸಿದೆವು. ಪಂಪ್ ಬದಲಿಸಬೇಕಾದರೂ ಅದೇ ಬೆಲ್ಟ್ ಬಿಚ್ಚಬೇಕು. ಎರಡು ಸಲ ಕೂಲಿ ಕೊಡುವುದೇಕೆ? ಎಲ್ಲ ಸೇರಿ 16,400 ರೂಪಾಯಿ ಆಯಿತು. ಸೈಲೆನ್ಸರ್ ಹಳೆಯದೇ ಉಳಿಯಿತು.

ಅಂದಿನಿಂದ ಗ್ಯಾರೇಜಿನಲ್ಲಿ ಅವರ ಪಕ್ಕ ನಿಂತು ಕಲಿತದ್ದು ಇಷ್ಟು. ಹೆಚ್ಚು ಓಡಿದ ಕಾರಿನಲ್ಲಿ ಕಬ್ಬಿಣಕ್ಕಿಂತ ಮೊದಲು ಸೋಲುವುದು ರಬ್ಬರು. ರಬ್ಬರಿಗೆ ಕಿ.ಮೀ. ಮಾತ್ರವಲ್ಲ, ವಯಸ್ಸೂ ಆಗುತ್ತದೆ. ಶೆಡ್ಡಿನಲ್ಲೇ ನಿಂತಿದ್ದರೂ ಬಿರಿಯುತ್ತದೆ. ಆದ್ದರಿಂದಲೇ ಕಂಪನಿಯ ಕೈಪಿಡಿಯಲ್ಲಿ ಇಷ್ಟು ಕಿ.ಮೀ. ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು ಎಂದು ಬರೆದಿರುತ್ತಾರೆ. ರೇಡಿಯೇಟರ್ ಪೈಪುಗಳನ್ನು ಎಂಜಿನ್ ತಣ್ಣಗಿರುವಾಗ ಹಿಚುಕಿ ನೋಡಬೇಕು. ಕಲ್ಲಿನ ಹಾಗೆ ಗಟ್ಟಿಯಾಗಿದ್ದರೂ, ತೀರಾ ಮೆತ್ತಗಿದ್ದರೂ ಬದಲಿಸಬೇಕು. ರೇಡಿಯೇಟರಿಗೆ ನಲ್ಲಿ ನೀರು ಸುರಿಯುವ ಅಭ್ಯಾಸ ಬಿಡಬೇಕು, ಒಳಗೆ ತುಕ್ಕು ಮತ್ತು ಲವಣ ಕಟ್ಟುತ್ತದೆ. ಮುಂದಿನ ಚಕ್ರಗಳ ಡ್ರೈವ್‌ಶಾಫ್ಟ್ ಮೇಲಿನ ರಬ್ಬರ್ ಬೂಟು ಹರಿದರೆ ಗ್ರೀಸ್ ಸೋರಿ ಮಣ್ಣು ಒಳಸೇರುತ್ತದೆ. ಆಮೇಲೆ ತಿರುಗಿಸುವಾಗ ಟಕ್ ಟಕ್ ಸದ್ದು ಬಂದರೆ ಬೂಟಿನ ಬದಲು ಇಡೀ ಜಾಯಿಂಟ್ ಬೇಕು.

ಎಂಜಿನ್ ಆಯಿಲ್ ಬದಲಿಸುವುದರ ಜತೆಗೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಬೇಕು. ಹಳೆಯ ಎಂಜಿನ್ ಸ್ವಲ್ಪ ಆಯಿಲ್ ಕುಡಿಯುವುದು ಸಹಜ. ಎಷ್ಟು ಕುಡಿಯುತ್ತದೆ ಎಂದು ನಮಗೆ ಗೊತ್ತಿಲ್ಲದಿರುವುದು ಅಪಾಯ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆಗಳ ನಡುವಿನ ಸವೆತದ ಸೂಚಕ ಉಬ್ಬು 1.6 ಮಿ.ಮೀ. ಎತ್ತರದ್ದು, ಟಯರ್ ಅಲ್ಲಿಯ ತನಕ ಸವೆದರೆ ಅದರ ಕಾಲ ಮುಗಿಯಿತು.

ನಮ್ಮಲ್ಲಿ ಬಹಳ ಮಂದಿಗೆ ಕಾರಿಲ್ಲ, ಬೈಕಿದೆ. ಹ್ಯಾಂಡಲ್ ಮೇಲಿನ ಆ ಪುಟ್ಟ ಡಬ್ಬಿಯಲ್ಲಿ ಇರುವುದೂ ಇದೇ ತೇವ ಹೀರುವ ಬ್ರೇಕ್ ಆಯಿಲ್. ಕೊನೆಗೆ ಬದಲಿಸಿದ್ದು ಯಾವಾಗ? ಗೊತ್ತಿಲ್ಲವಾದರೆ ಉತ್ತರ ಮೇಲೆಯೇ ಇದೆ. ಮೊದಲು ನಿಲ್ಲಿಸುವುದಕ್ಕೆ ಖರ್ಚು ಮಾಡಿ, ಆಮೇಲೆ ಓಡಿಸುವುದಕ್ಕೆ, ಕೊನೆಗೆ ತೋರಿಸುವುದಕ್ಕೆ. ನಾನು ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡಿದ್ದೆ.

ಪ್ರಿವೆಂಟಿವ್ ಮೇಂಟೆನೆನ್ಸ್‌ಗೂ ಬ್ರೇಕ್‌ಡೌನ್ ಮೇಂಟೆನೆನ್ಸ್‌ಗೂ ಏನು ವ್ಯತ್ಯಾಸ ಎಂದು ಮೊನ್ನೆ ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಕೇಳಿದರು. ನೋಟ್ಸಿನ ವ್ಯಾಖ್ಯಾನ ನೆನಪಿಗೆ ಬರಲಿಲ್ಲ. ಚಾರ್ಮಾಡಿಯ ತಿರುವನ್ನೂ, ಬಾಟಲಿಯಲ್ಲಿದ್ದ ಕಷಾಯವನ್ನೂ, ಬಿರುಕು ಬಿಟ್ಟ ಬೆಲ್ಟನ್ನೂ ಹೇಳಿದೆ. ಸಂದರ್ಶಕರು ಮುಂದಿನ ಹತ್ತು ನಿಮಿಷ ಆ ಬೆಲ್ಟಿನ ಬಗ್ಗೆಯೇ ಪ್ರಶ್ನೆ ಕೇಳಿದರು. ಫಲಿತಾಂಶ ಇನ್ನೂ ಬಂದಿಲ್ಲ.

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಈಗ 200 ಪುಟದ ಒಂದು ನೋಟ್‌ಬುಕ್ ಇದೆ. ದಿನಾಂಕ, ಕಿ.ಮೀ., ಏನು ಬದಲಿಸಿದ್ದು, ಎಷ್ಟಾಯಿತು ಎಂದು ನಾಲ್ಕು ಕಾಲಂ. ಮೊದಮೊದಲು ಮಾವ ಅದನ್ನು ನೋಡಿ ನಕ್ಕಿದ್ದರು. ಕಳೆದ ವಾರ ಅವರದೇ ಫೋನ್.

'ಲೋ, ಕೂಲಂಟ್ ಯಾವ ಬಣ್ಣದ್ದು ಹಾಕ್ಸಿದ್ವಿ?'

'ಮೂರನೇ ಪುಟ ನೋಡಿ ಮಾವ.'

'ನೋಡ್ದೆ ಕಣೋ, ನಿನ್ನ ಅಕ್ಷರ ಅರ್ಥ ಆಗ್ಲಿಲ್ಲ. ಮುಂದಿನ ಸಲದಿಂದ ನಾನೇ ಬರೀತೀನಿ.'