6 ವರ್ಷಕ್ಕೆ ಬರೋ ದವಡೆ ಹಲ್ಲು ಹಾಲುಹಲ್ಲಲ್ಲ!

"ಹಾಲುಹಲ್ಲು ತಾನೇ, ಹುಳುಕಾದ್ರೆ ಬಿದ್ದು ಹೊಸದು ಬರುತ್ತೆ ಬಿಡಿ" ಅನ್ನೋರು ನಮ್ಮಲ್ಲಿ ಬಹಳ. ಆದರೆ ಮಗುವಿಗೆ ಸುಮಾರು 6 ವರ್ಷ ಆಗುವಾಗ ಹಾಲುಹಲ್ಲುಗಳ ಹಿಂದೆ, ಮೇಲೆರಡು ಕೆಳಗೆರಡು ದವಡೆ ಹಲ್ಲು ಬರುತ್ತವೆ. ಯಾವ ಹಲ್ಲೂ ಬೀಳದೆ ಬರೋದ್ರಿಂದ ಮನೆಯವರಿಗೆ ಗೊತ್ತೇ ಆಗಲ್ಲ. ಇವು ಶಾಶ್ವತ ಹಲ್ಲು, ಹೋದರೆ ಮತ್ತೆ ಹುಟ್ಟಲ್ಲ.

ಮುಂದಿನ ನಡುಹಲ್ಲಿನಿಂದ ಎಣಿಸಿ, ಆರನೆಯದೇ ಇದು. ಮೇಲೆ ಆಳವಾದ ಗೀರುಗಳಿರುತ್ತವೆ. ಬಿಸ್ಕತ್ತು, ಚಾಕೊಲೇಟು ಅಲ್ಲೇ ಮೆತ್ತಿಕೊಂಡು ಹುಳುಕು ಶುರುವಾಗುತ್ತೆ. ಸಿಹಿಯನ್ನ ಒಂದೇ ಸಲ ತಿನ್ನೋದಕ್ಕಿಂತ ದಿನವಿಡೀ ಚೂರುಚೂರು ತಿನ್ನೋದೇ ಹೆಚ್ಚು ಕೆಡುಕು (ಅಂಗಡಿಯವರು ಬೇಜಾರಾಗಬೇಡಿ).

ಬೆಳಿಗ್ಗೆ ಜೊತೆಗೆ ರಾತ್ರಿಯೂ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ, 7-8 ವರ್ಷದವರೆಗೆ ದೊಡ್ಡವರೇ ಉಜ್ಜಿಸಿ. ಗೀರು ಆಳವಿದ್ದರೆ ದಂತವೈದ್ಯರು ಸೀಲೆಂಟ್ ಹಚ್ಚಿ ಮುಚ್ತಾರೆ. ಅದಕ್ಕೆ ಹಲ್ಲು ಕೊರೆಯಲ್ಲ, ಇಂಜೆಕ್ಷನ್ನೂ ಬೇಕಿಲ್ಲ.