ಗೂಡು ಕಟ್ಟುವ ಮೀನು

ಗೂಡು ಎಂದೊಡನೆ ನೆನಪಿಗೆ ಬರುವುದು ಹಕ್ಕಿ. ಮರಿಗಳ ಆರೈಕೆ ಎಂದೊಡನೆ ತಾಯಿ. ಈ ಎರಡು ಎಣಿಕೆಗಳಿಗೂ ಹೊರತಾದ ಜೀವಿಯೊಂದು ಯೂರೋಪಿನ ಹಳ್ಳ, ಕಾಲುವೆ, ಕೊಳಗಳಲ್ಲಿ ಹೇರಳವಾಗಿ ವಾಸಿಸುತ್ತದೆ. ಅದು ಮೂರು ಮುಳ್ಳಿನ ಸ್ಟಿಕಲ್‌ಬ್ಯಾಕ್ ಮೀನು. ಐದಾರು ಸೆಂಟಿಮೀಟರ್ ಉದ್ದದ ಈ ಮೀನನ್ನು ಸಣ್ಣ ಬಲೆಯಲ್ಲಿ ಹಿಡಿದು ಗಾಜಿನ ಶೀಶೆಯಲ್ಲಿಟ್ಟು ನೋಡುವುದು ಅಲ್ಲಿನ ಮಕ್ಕಳ ಹಳೆಯ ಆಟ. ಪ್ರಾಣಿಶಾಸ್ತ್ರದ ಚರಿತ್ರೆಯಲ್ಲಿಯೂ ಇದಕ್ಕೆ ಗಣ್ಯವಾದ ಸ್ಥಾನವಿದೆ.

ಇದರ ಬೆನ್ನಿನ ಮೇಲೆ ಮೂರು ಮುಳ್ಳುಗಳೂ ಹೊಟ್ಟೆಯ ಇಕ್ಕೆಲಗಳಲ್ಲಿ ಒಂದೊಂದು ಮುಳ್ಳೂ ಇರುತ್ತವೆ. ಮೈಮೇಲೆ ಹುರುಪೆಗಳಿಲ್ಲ, ಪಕ್ಕಗಳಲ್ಲಿ ಎಲುಬಿನ ಫಲಕಗಳುಂಟು. ಅಪಾಯ ಬಂದಾಗ ಮುಳ್ಳುಗಳನ್ನು ನೆಟ್ಟಗೆ ನಿಲ್ಲಿಸಿ ಬಿಗಿಹಿಡಿಯುತ್ತದೆ. ಪೈಕ್‌ನಂತಹ ದೊಡ್ಡ ಬೇಟೆಮೀನು ಕೂಡ ಇದನ್ನು ಬಾಯಿಗೆ ಹಾಕಿಕೊಂಡು ನುಂಗಲಾರದೆ ಉಗುಳಿಬಿಡುವುದುಂಟು.

ವಸಂತಕಾಲ ಬಂತೆಂದರೆ ಗಂಡುಮೀನಿನ ರೂಪವೇ ಬದಲಾಗುತ್ತದೆ. ಕೊರಳೂ ಹೊಟ್ಟೆಯೂ ಕೆಂಪಾಗುತ್ತವೆ, ಕಣ್ಣು ನೀಲಿಯಾಗಿ ಹೊಳೆಯುತ್ತದೆ. ಅದು ತನಗೊಂದು ನೆಲೆಯನ್ನು ಆರಿಸಿಕೊಂಡು ಇತರ ಗಂಡುಗಳನ್ನು ಅಲ್ಲಿಂದ ಅಟ್ಟುತ್ತದೆ. ಅನಂತರ ತಳದ ಮರಳನ್ನು ಬಾಯಿಯಿಂದ ಕಚ್ಚಿ ದೂರ ಉಗುಳುತ್ತ ಸಣ್ಣ ಗುಂಡಿ ಮಾಡುತ್ತದೆ. ಪಾಚಿಯ ಎಳೆಗಳನ್ನು ತಂದು ಅದರಲ್ಲಿ ಒಟ್ಟುತ್ತದೆ. ಅವುಗಳನ್ನು ಬಂಧಿಸುವ ಅಂಟು ಹೊರಗಿನಿಂದ ಬರುವುದಲ್ಲ, ಅದರ ಮೂತ್ರಪಿಂಡದಲ್ಲಿಯೇ ಉತ್ಪತ್ತಿಯಾಗುತ್ತದೆ. ಕೊನೆಗೆ ಆ ರಾಶಿಯ ನಡುವೆ ಮೈ ತೂರಿಸಿ ಸುರಂಗ ಕೊರೆದರೆ ಗೂಡು ಸಿದ್ಧ.

ಮೊಟ್ಟೆಗಳಿಂದ ಉಬ್ಬಿದ ಹೆಣ್ಣು ಸಮೀಪಿಸಿದಾಗ ಗಂಡು ಅಂಕುಡೊಂಕಾಗಿ ಕುಣಿಯುತ್ತದೆ, ಗೂಡಿನತ್ತ ಈಜುತ್ತದೆ, ಬಾಗಿಲ ಬಳಿ ಓರೆಯಾಗಿ ನಿಂತು ಮೂತಿಯಿಂದ ದಾರಿ ತೋರುತ್ತದೆ. ಹೆಣ್ಣು ಒಳಹೊಕ್ಕ ಮೇಲೆ ಅದರ ಬಾಲದ ಬುಡವನ್ನು ಗಂಡು ಮೂತಿಯಿಂದ ತಟ್ಟಬೇಕು. ತಟ್ಟದಿದ್ದರೆ ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. ಮೊಟ್ಟೆಯಿಟ್ಟು ಹೊರಬಂದ ಹೆಣ್ಣಿಗೆ ಮುಂದೆ ಕೆಲಸವಿಲ್ಲ. ಗಂಡೇ ಅದನ್ನು ಅಟ್ಟಿಬಿಡುತ್ತದೆ. ಹೀಗೆ ಹಲವು ಹೆಣ್ಣುಗಳ ಮೊಟ್ಟೆಗಳು ಒಂದೇ ಗೂಡಿನಲ್ಲಿ ಸೇರುವುದುಂಟು.

ಆಮೇಲಿನ ದುಡಿಮೆಯೆಲ್ಲ ಗಂಡಿನದು. ಗೂಡಿನ ಮುಂದೆ ನಿಂತು ಎದೆಯ ಈಜುರೆಕ್ಕೆಗಳಿಂದ ಬೀಸಣಿಗೆ ಬೀಸಿದಂತೆ ಹೊಸ ನೀರನ್ನು ಒಳಗೆ ಹಾಯಿಸುತ್ತದೆ. ಮೊಟ್ಟೆಗಳು ಬೆಳೆದಂತೆ ಅವುಗಳಿಗೆ ಆಮ್ಲಜನಕ ಹೆಚ್ಚು ಬೇಕು; ಅದಕ್ಕೆ ತಕ್ಕಂತೆ ಬೀಸುವ ಹೊತ್ತೂ ದಿನದಿಂದ ದಿನಕ್ಕೆ ಹೆಚ್ಚುತ್ತದೆ. ಸುಮಾರು ಒಂದು ವಾರಕ್ಕೆ ಮರಿಗಳು ಹೊರಬರುತ್ತವೆ. ಗುಂಪು ಬಿಟ್ಟು ದೂರ ಹೋದ ಮರಿಯನ್ನು ತಂದೆ ಬಾಯೊಳಗೆ ಹೀರಿಕೊಂಡು ತಂದು ಗೂಡಿನ ಬಳಿ ಉಗುಳುತ್ತದೆ.

ಇದನ್ನು ವಾತ್ಸಲ್ಯವೆಂದು ಕರೆದುಬಿಡುವುದು ಸುಲಭ. ಆದರೆ ಇದೇ ಗಂಡು ಒಮ್ಮೊಮ್ಮೆ ತನ್ನ ಗೂಡಿನ ಮೊಟ್ಟೆಗಳನ್ನೇ ತಿನ್ನುವುದೂ ಉಂಟು. ಮೀನಿನ ಮನಸ್ಸಿನಲ್ಲಿ ಏನಿದೆಯೆಂದು ಊಹಿಸುವ ಬದಲು, ಯಾವ ಸಂಜ್ಞೆಗೆ ಅದು ಯಾವ ವರ್ತನೆ ತೋರುತ್ತದೆಂದು ಪರೀಕ್ಷಿಸಿ ನೋಡಿದವರು ಹಾಲೆಂಡಿನ ನಿಕೊ ಟಿನ್‌ಬರ್ಗೆನ್ (1907–1988). 1930ರ ದಶಕದಲ್ಲಿ ಲೈಡನ್ ವಿಶ್ವವಿದ್ಯಾನಿಲಯದಲ್ಲಿ ಅವರು ಸಾಕಿದ್ದ ಸ್ಟಿಕಲ್‌ಬ್ಯಾಕ್‌ಗಳು ವಿದ್ಯಾರ್ಥಿಗಳ ಪ್ರಾಯೋಗಿಕ ಪಾಠಕ್ಕೂ ಒದಗುತ್ತಿದ್ದವು. ಉಪಕರಣಗಳೂ ಅತಿ ಸರಳ: ಗಾಜಿನ ತೊಟ್ಟಿ, ತಂತಿಯ ತುದಿಗೆ ಸಿಕ್ಕಿಸಿದ ಬೊಂಬೆಮೀನು. ನಿಜವಾದ ಮೀನನ್ನೇ ಹೋಲುವ, ಆದರೆ ಕೆಂಪಿಲ್ಲದ ಬೊಂಬೆಯನ್ನು ಗಂಡು ಅಷ್ಟಾಗಿ ಲಕ್ಷಿಸಲಿಲ್ಲ. ಮೀನಿನ ಆಕಾರವೇ ಇಲ್ಲದಿದ್ದರೂ ಕೆಳಭಾಗ ಕೆಂಪಾಗಿದ್ದ ತುಂಡಿನ ಮೇಲೆ ಎರಗಿತು. ಕಿಟಕಿಯಾಚೆ ರಸ್ತೆಯಲ್ಲಿ ಕೆಂಪು ಅಂಚೆವಾಹನ ಹಾದುಹೋದಾಗ ತೊಟ್ಟಿಯ ಗಂಡುಗಳು ಮುಳ್ಳು ನಿಗುರಿಸಿ ಅದರತ್ತ ಧಾವಿಸಿದುದನ್ನೂ ಟಿನ್‌ಬರ್ಗೆನ್ ದಾಖಲಿಸಿದ್ದಾರೆ.

ನಾಟ್ಸಿಗಳ ಆಕ್ರಮಣಕಾಲದಲ್ಲಿ, ಯಹೂದಿ ಪ್ರಾಧ್ಯಾಪಕರ ವಜಾ ಕ್ರಮವನ್ನು ವಿರೋಧಿಸಿದ್ದಕ್ಕಾಗಿ ಅವರು ಸುಮಾರು ಎರಡು ವರ್ಷ ಒತ್ತೆಯಾಳಾಗಿ ಶಿಬಿರದಲ್ಲಿರಬೇಕಾಯಿತು. 1973ರಲ್ಲಿ ಕಾನ್ರಾಡ್ ಲೊರೆನ್ಸ್ ಮತ್ತು ಕಾರ್ಲ್ ಫಾನ್ ಫ್ರಿಷ್ ಅವರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಕೆಂಪು ಬೊಂಬೆಯ ಪ್ರಯೋಗವನ್ನು ಮುಂದೆ ಇತರರು ಮತ್ತೆ ಮಾಡಿ ನೋಡಿದಾಗ ಫಲಿತಾಂಶ ಎಲ್ಲ ಸಲವೂ ಹಾಗೆಯೇ ಬರಲಿಲ್ಲ. ಕೆಂಪು ಕಂಡು ಎರಗಿದ ಗಂಡುಗಳಂತೆ ಹಿಂಜರಿದ ಗಂಡುಗಳೂ ಇದ್ದವು. ಹೀಗಾಗಿ ಈ ಪುಟ್ಟ ಮೀನು ಇಂದಿಗೂ ಪ್ರಯೋಗಾಲಯದ ತೊಟ್ಟಿಗಳಲ್ಲಿ ಉಳಿದುಕೊಂಡಿದೆ.